ಹಾಡಲಿ ಬಿಡಮ್ಮಾ, ಶ್ರುತಿ ಮಾತ್ರ ಇಳಿಸು

ನಿನ್ನ ಮಗಳು ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಇಂಗ್ಲಿಷ್ ಹಾಡನ್ನೇ ಗುನುಗುತ್ತಾಳೆ, ಸರಳೆ ವರಸೆಗೆ ಕೂರು ಅಂದರೆ ಮುಖ ಸಪ್ಪಗೆ ಮಾಡುತ್ತಾಳೆ ಅಂತ ಬೇಸರ ಮಾಡಿಕೊಂಡಿದ್ದೀಯಲ್ಲ, ಅದಕ್ಕೇ ನಾಲ್ಕು ಮಾತು ಹೇಳೋಣ ಅನಿಸಿತು. ಫೋನ್ ಕಿತ್ತಿಟ್ಟು ಹಾಡು ನಿಲ್ಲಿಸಬೇಡ. ಕೇಟಿ ಪೆರಿಯೋ, ಟೇಲರ್ ಸ್ವಿಫ್ಟೋ, ಅಡೆಲ್ಲೋ, ಯಾರ ಹಾಡಾದರೂ ಸರಿ, ಮಗು ಬಾಯಿ ತುಂಬ ಹಾಡುತ್ತಿದೆ ಅಂದರೆ ಸಂತೋಷದ ಸಂಗತಿ. ನನಗೆ ಆತಂಕ ಇರುವುದು ಅವಳ ಗಂಟಲಿನ ಬಗ್ಗೆ.

ಮೊನ್ನೆ ಪಾಠ ಮುಗಿದ ಮೇಲೆ ಅವಳು ‘ಲೆಟ್ ಇಟ್ ಗೋ’ ಹಾಡಿ ತೋರಿಸಿದಳು. ಶುರುವಿನ ಸಾಲುಗಳನ್ನು ಚೆನ್ನಾಗಿಯೇ ಹೇಳಿದಳು. ಹಾಡು ಮೇಲಕ್ಕೆ ಹೋದ ಹಾಗೆಲ್ಲ ಗದ್ದ ಮೇಲಕ್ಕೆದ್ದಿತು, ಹೆಗಲು ಕಿವಿಯ ಹತ್ತಿರ ಬಂತು, ಕತ್ತಿನ ನರ ಉಬ್ಬಿಕೊಂಡವು. ಕೊನೆಯ ಎತ್ತರದ ಸ್ವರಕ್ಕೆ ಬರುವ ಹೊತ್ತಿಗೆ ಅದು ಕಿರುಚಾಟವೇ ಆಗಿತ್ತು. ಕೇಳಿದವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ತಟ್ಟಲು ಕೈ ಬರಲಿಲ್ಲ.

2013ರ ‘ಫ್ರೋಜನ್’ ಚಿತ್ರಕ್ಕೆ ಆ ಹಾಡು ಹಾಡಿದ ಇಡಿನಾ ಮೆನ್ಜೆಲ್‌ಗೆ ಆಗಲೇ ನಲವತ್ತು ದಾಟಿತ್ತು. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ರಾತ್ರಿ ಮೇಲೆ ರಾತ್ರಿ ಹಾಡಿ ಪಳಗಿದ ಗಂಟಲು. ‘ವಿಕೆಡ್’ ನಾಟಕದ ಪಾತ್ರಕ್ಕೆ 2004ರಲ್ಲಿ ಟೋನಿ ಪ್ರಶಸ್ತಿ ಪಡೆದಾಕೆ. ಆ ಕಂಠಕ್ಕೆಂದು ಕಟ್ಟಿದ ಹಾಡು ಹೆಚ್ಚುಕಡಿಮೆ ಎರಡು ಸ್ಥಾಯಿಗಳಷ್ಟು ಹಬ್ಬಿದೆ. ಎಂಟು ವರ್ಷದ ಮಗು ಅದನ್ನು ಅದೇ ಎತ್ತರದಲ್ಲಿ ಹಾಡುವುದೆಂದರೆ ದೊಡ್ಡವರ ಚಪ್ಪಲಿ ಹಾಕಿಕೊಂಡು ಓಡಿದ ಹಾಗೆ.

ನಮ್ಮ ಸಂಗೀತದಲ್ಲಿ ಮೊದಲ ದಿನವೇ ಗುರುಗಳು ಮಗುವಿನ ದನಿ ಕೇಳಿ ಅದಕ್ಕೆ ತಕ್ಕ ಶ್ರುತಿ ಹಿಡಿಯುತ್ತಾರೆ. ಅದೇ ಕೀರ್ತನೆಯನ್ನು ಒಬ್ಬರು ಮೇಲಿನ ಶ್ರುತಿಯಲ್ಲಿ ಹಾಡಿದರೆ ಇನ್ನೊಬ್ಬರು ಕೆಳಗಿನದರಲ್ಲಿ ಹಾಡುತ್ತಾರೆ, ಯಾರೂ ತಪ್ಪೆನ್ನುವುದಿಲ್ಲ. ಮಕ್ಕಳು ಪಾಪ್ ಹಾಡು ಕಲಿಯುವುದು ರೆಕಾರ್ಡಿಂಗ್ ಕೇಳಿ. ಅದರಲ್ಲಿರುವುದು ಗಾಯಕಿಯ ಶ್ರುತಿ, ಅದನ್ನೇ ಅವರು ಹಾಡಿನ ಭಾಗ ಅಂದುಕೊಂಡುಬಿಡುತ್ತಾರೆ. ಇಷ್ಟನ್ನು ನೀನು ಸರಿಮಾಡಿದರೆ ಮುಕ್ಕಾಲು ಕೆಲಸ ಆಯಿತು. ಮನೆಯ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಅಂತ ಒಂದು ಬಟನ್ ಇರುತ್ತದೆ, ಅದನ್ನು ಒತ್ತಿ ಎರಡು ಮೂರು ಮನೆ ಕೆಳಗೆ ಇಳಿಸು. ಶ್ರುತಿ ಇಳಿಸಿದ ಕರೋಕೆ ಟ್ರ್ಯಾಕುಗಳೂ ಸಿಗುತ್ತವೆ. ಒಂದು ತೊಡಕಿದೆ: ಹೀಗೆ ಇಳಿಸಿದಾಗ ‘ಲೆಟ್ ಇಟ್ ಗೋ’ದ ಮೊದಲ ಸಾಲುಗಳು ತೀರಾ ಮಂದ್ರಕ್ಕೆ ಹೋಗಿ ಮಗುವಿಗೆ ದನಿಯೇ ಸಿಗುವುದಿಲ್ಲ. ಆ ಭಾಗವನ್ನು ನೀನು ಹಾಡು, ಪಲ್ಲವಿ ಅವಳು ಹಾಡಲಿ. ನಿನಗೂ ಒಳ್ಳೆಯ ಕಂಠವಿದೆ, ಮದುವೆಯಾದ ಮೇಲೆ ಬಾಯಿ ಬಿಟ್ಟು ಹಾಡಿದ್ದನ್ನೇ ನಾನು ಕೇಳಿಲ್ಲ.

ಗಂಟಲಿನ ವಿಷಯ ಸುಮ್ಮನೆ ಹೆದರಿಸಲು ಹೇಳುತ್ತಿಲ್ಲ. ಅಡೆಲ್‌ಗೆ 2011ರಲ್ಲಿ ಧ್ವನಿತಂತುವಿನಲ್ಲಿ ರಕ್ತಸ್ರಾವವಾಗಿ ಬಾಸ್ಟನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು, ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನೆಲ್ಲ ಬಿಡಬೇಕಾಯಿತು. ಮರುವರ್ಷ ಫೆಬ್ರವರಿಯಲ್ಲಿ ಗ್ರ್ಯಾಮಿ ಸಮಾರಂಭದಲ್ಲಿ ಮತ್ತೆ ಹಾಡಿ ಆರು ಪ್ರಶಸ್ತಿ ತೆಗೆದುಕೊಂಡಳು, ನಿಜ. ಆದರೆ 2017ರಲ್ಲಿ ಲಂಡನ್ನಿನ ವೆಂಬ್ಲಿಯ ಕೊನೆಯ ಎರಡು ಕಾರ್ಯಕ್ರಮಗಳನ್ನು ಗಂಟಲು ಕೈಕೊಟ್ಟಿತೆಂದು ರದ್ದು ಮಾಡಿದಳು. ‘ದಿ ಸೌಂಡ್ ಆಫ್ ಮ್ಯೂಸಿಕ್’ನಲ್ಲಿ ಮಕ್ಕಳಿಗೆ ಸ್ವರ ಕಲಿಸಿದ ಜೂಲಿ ಆಂಡ್ರೂಸ್ 1997ರ ಶಸ್ತ್ರಚಿಕಿತ್ಸೆಯ ನಂತರ ತಮ್ಮ ಹಾಡುವ ದನಿಯನ್ನೇ ಕಳೆದುಕೊಂಡರು. ದೊಡ್ಡ ದೊಡ್ಡ ವೈದ್ಯರು ಕೈಗೆಟಕುವವರ ಗತಿಯೇ ಹೀಗೆ. ನಿನ್ನ ಮಗಳ ದನಿ ಒಡಕಾಗಿ ಎರಡು ವಾರ ಕಳೆದರೂ ಸರಿಹೋಗದಿದ್ದರೆ ಕಷಾಯ ಕುಡಿಸುತ್ತಾ ಕೂರಬೇಡ, ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸು.

ಇನ್ನು ಪಾಠದ ಮಾತು. ಇಂಗ್ಲಿಷ್ ಹಾಡಿನಿಂದ ಕರ್ನಾಟಕ ಸಂಗೀತ ಕೆಡುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಮಕ್ಕಳಿಗೆ ಹೇಳಿಕೊಡುವ ನೊಟ್ಟುಸ್ವರಗಳನ್ನು ಮುತ್ತುಸ್ವಾಮಿ ದೀಕ್ಷಿತರು ಕಟ್ಟಿದ್ದು ಇಂಗ್ಲಿಷರ ಬ್ಯಾಂಡಿನ ಧಾಟಿ ಕೇಳಿಯೇ. ಬ್ರಿಟಿಷರ ರಾಜಗೀತೆಯ ಧಾಟಿಗೂ ಅವರು ಸಂಸ್ಕೃತದಲ್ಲಿ ದೇವಿಯ ಸ್ತುತಿ ಬರೆದಿದ್ದಾರೆ. ಪಾಶ್ಚಾತ್ಯರ ಮೇಜರ್ ಸ್ಕೇಲಿನ ಸ್ವರಗಳೇ ನಮ್ಮ ಶಂಕರಾಭರಣದ ಸ್ವರಗಳು. ‘ಲೆಟ್ ಇಟ್ ಗೋ’ ಹಾಡನ್ನೇ ತೆಗೆದುಕೋ. ಚಿತ್ರದಲ್ಲಿ ಅದನ್ನು ಹಾಡುವ ಎಲ್ಸಾ ಹಿಮದಲ್ಲಿ ಒಬ್ಬಳೇ ನಡೆಯುವಾಗ ಹಾಡು ಮೈನರ್‌ನಲ್ಲಿದೆ, ನಟಭೈರವಿಯ ನೆರಳು. ಪಲ್ಲವಿಗೆ ಬಂದಾಗ ಮೇಜರ್‌ಗೆ ತೆರೆದುಕೊಳ್ಳುತ್ತದೆ, ಅದು ಶಂಕರಾಭರಣ. ಕೀಬೋರ್ಡಿನ ಮನೆಗಳು ಬಹುಮಟ್ಟಿಗೆ ಅವೇ. ನಿಲ್ಲುವ ಸ್ವರ ಮಾತ್ರ ಬೇರೆ. ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡರೆ ನಟಭೈರವಿ ಸಿಗುತ್ತದೆ ಅಂತ ಗ್ರಹಭೇದದಲ್ಲಿ ಹೇಳುತ್ತೇವಲ್ಲ, ಅದೇ. ಇದನ್ನು ಅವಳಿಗೆ ನುಡಿಸಿ ತೋರಿಸಿದೆ. ಕಣ್ಣರಳಿಸಿ, ತಾನೇ ಬೆರಳಿಟ್ಟು ಮತ್ತೆ ಮತ್ತೆ ನುಡಿಸಿದಳು. ಸರಳೆ ವರಸೆ ಏಕೆ ಬೇಕು ಅಂತ ಆಮೇಲೆ ಅವಳು ಕೇಳಲಿಲ್ಲ.

ಸಾಹಿತ್ಯದ ಕಡೆಗೂ ಒಂದು ಕಣ್ಣಿರಲಿ. ಆ್ಯಪಿನಲ್ಲಿ ಕೆಲವು ಹಾಡಿನ ಹೆಸರಿನ ಪಕ್ಕ ‘ಇ’ ಅಂತ ಪುಟ್ಟ ಇಂಗ್ಲಿಷ್ ಅಕ್ಷರ ಇರುತ್ತದೆ, ದೊಡ್ಡವರ ಮಾತಿದೆ ಅಂತ ಅದರ ಅರ್ಥ. ಸ್ಪಾಟಿಫೈನ ಸೆಟ್ಟಿಂಗ್ಸ್‌ನಲ್ಲಿ ಅಂಥವನ್ನು ಬಂದ್ ಮಾಡಬಹುದು. ಡಿಸ್ನಿ ಧಾರಾವಾಹಿಯಲ್ಲಿ ನೋಡಿದ ಅಕ್ಕ ಅಂತ ಮಕ್ಕಳು ಒಲಿವಿಯಾ ರೊಡ್ರಿಗೊಳ ಹಾಡು ಹಾಕಿಕೊಳ್ಳುತ್ತಾರೆ. ಆಕೆಯ ಹಲವು ಹಾಡುಗಳಿಗೆ ಆ ಗುರುತಿದೆ. ಗುರುತಿಲ್ಲ ಅಂದಮಾತ್ರಕ್ಕೆ ಮಗುವಿಗೆ ಒಪ್ಪುತ್ತದೆ ಅಂತಲೂ ತಿಳಿಯಬೇಡ. ಸಿಯಾಳ 2014ರ ‘ಶಾಂಡೆಲಿಯರ್’ ವಿಡಿಯೋದಲ್ಲಿ ಹನ್ನೊಂದು ವರ್ಷದ ಹುಡುಗಿ ಕುಣಿಯುತ್ತಾಳೆ, ಮಕ್ಕಳಿಗೆ ಅದೇ ಆಕರ್ಷಣೆ. ಹಾಡಿನ ವಸ್ತುವೋ, ಕುಡಿತಕ್ಕೆ ಬಿದ್ದ ಹೆಣ್ಣಿನ ಸಂಕಟ. ಮಗಳು ಕೇಳಿದರೆ ಮುಚ್ಚಿಡಬೇಡ, ಅವಳ ವಯಸ್ಸಿಗೆ ತಕ್ಕಷ್ಟು ಹೇಳು. ನಮ್ಮ ಸಿನಿಮಾದ ಕುಣಿತದ ಹಾಡಿಗೂ ಇದೇ ಮಾತು ಅನ್ವಯಿಸುತ್ತದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡು ಆರಿಸುವಾಗ ಅರ್ಥ ನೋಡಿ ಆರಿಸಿ ಅಂತ ಟೀಚರಿಗೂ ಹೇಳು.

ಸದ್ಯಕ್ಕೆ ಯಾವುದು ಹಾಡಲಿ ಅಂತ ಕೇಳಿದರೆ, ಅಕ್ಕಪಕ್ಕದ ಮಕ್ಕಳೆಲ್ಲ ಸೇರಿ ಹಾಡಲು ಶಕೀರಾಳ ‘ವಾಕಾ ವಾಕಾ’ ಹೇಳಿಮಾಡಿಸಿದ ಹಾಡು. 2010ರ ಫುಟ್‌ಬಾಲ್ ವಿಶ್ವಕಪ್‌ಗೆ ಅದನ್ನು ಮಾಡಿದಾಗ ಪಲ್ಲವಿಯನ್ನು ಕ್ಯಾಮರೂನಿನ ಗೋಲ್ಡನ್ ಸೌಂಡ್ಸ್ ತಂಡದ 1986ರ ಹಾಡಿನಿಂದ ತೆಗೆದುಕೊಂಡಿದ್ದರು. ಆ ಹಳೆಯ ಹಾಡನ್ನೂ ಹುಡುಕಿ ಕೇಳಿಸು. ಗಂಟಲಿಗೆ ವಿಶ್ರಾಂತಿ ಬೇಕಾದ ದಿನ ಬಿಲ್ಲಿ ಐಲಿಶ್ ಇದ್ದಾಳೆ. ಆಕೆ ಕೂಗಿ ಹಾಡುವುದು ಕಡಿಮೆ. ಚಿಕ್ಕಂದಿನಲ್ಲಿ ಲಾಸ್ ಏಂಜಲೀಸಿನ ಮಕ್ಕಳ ಗಾಯನವೃಂದದಲ್ಲಿ ಕಲಿತವಳು, ಆಮೇಲೆ ಅಣ್ಣ ಫಿನಿಯಸ್ ಜೊತೆ ಮನೆಯ ಮಲಗುವ ಕೋಣೆಯಲ್ಲೇ ಹಾಡು ಮಾಡಿದವಳು. ಆಕೆಯ ಉಸಿರುದನಿಯನ್ನು ಮಗಳು ಅನುಕರಿಸುವುದು ಬೇಡ, ಮೆಲ್ಲಗೆ ಹಾಡಿಯೂ ಮನಸ್ಸು ಮುಟ್ಟಬಹುದು ಅನ್ನುವುದನ್ನಷ್ಟೇ ಗಮನಿಸಲಿ.

ನಿಮ್ಮ ಮನೆಯ ಕೀಬೋರ್ಡ್ ರಿಪೇರಿಗೆ ಹೋಗಿದೆ ಅಂದೆಯಲ್ಲ, ನನ್ನದನ್ನು ತೆಗೆದುಕೊಂಡು ಹೋಗು. ದಸರಾ ರಜೆ ಮುಗಿಯುವವರೆಗೆ ನನಗೆ ಪಾಠವಿಲ್ಲ.