ಗುತ್ತಿಗೆ ಕಾರ್ಮಿಕರು ಮತ್ತು ಪ್ರಧಾನ ಉದ್ಯೋಗದಾತರ ಹೊಣೆ

1930ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ನಡೆದ ಮುಷ್ಕರಕ್ಕೆ ತಕ್ಷಣದ ಕಾರಣ ಕೂಲಿಯ ಪ್ರಶ್ನೆಯಾಗಿರಲಿಲ್ಲ. ಕಾರ್ಮಿಕರು ಬೆರಳಚ್ಚು ನೀಡಿ ನೋಂದಾಯಿಸಿಕೊಳ್ಳಬೇಕೆಂಬ ಆಡಳಿತದ ಸೂಚನೆಯೇ ಅದನ್ನು ಹೊತ್ತಿಸಿತು. ಬೆರಳಚ್ಚೆಂದರೆ ಅಪರಾಧಿಯ ಗುರುತೆಂದು ಬಗೆದ ಗಣಿ ಕೆಲಸಗಾರರು ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಶಾಸನದ ಮಾನ್ಯತೆ ದೊರೆತದ್ದು 1940ರ ದಶಕದಲ್ಲಿ.

ಇಂದಿನ ಗುತ್ತಿಗೆ ಕಾರ್ಮಿಕನ ಬೇಡಿಕೆ ಇದಕ್ಕೆ ತಿರುವುಮುರುವಾದುದು. ತನ್ನ ಹೆಸರು ದಾಖಲೆಯಲ್ಲಿ ಇರಬೇಕೆಂಬುದೇ ಅವನ ಹೋರಾಟ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಭವಿಷ್ಯ ನಿಧಿಯನ್ನಾಗಲಿ, ಅಪಘಾತದ ಪರಿಹಾರವನ್ನಾಗಲಿ ಯಾವ ಪುರಾವೆಯ ಮೇಲೆ ಕೇಳಬೇಕು?

ಸರ್ಕಾರವು ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಕೆಲಸದಲ್ಲಿದ್ದವರು ತಾವಾಗಿಯೇ ಪ್ರಧಾನ ಉದ್ಯೋಗದಾತರ ನೌಕರರಾಗುವರೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಏರ್ ಇಂಡಿಯಾ ಪ್ರಕರಣದಲ್ಲಿ ಹೇಳಿತ್ತು. 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ತಳ್ಳಿಹಾಕಿತು. ಉದ್ಯಮ ವಲಯವು ತೀರ್ಪಿನ ಈ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಂತೆ ತೋರುತ್ತದೆ. ಗುತ್ತಿಗೆಯು ಕೇವಲ ತೋರಿಕೆಯದು, ಕಾನೂನಿನ ಹೊಣೆಯನ್ನು ತಪ್ಪಿಸಿಕೊಳ್ಳಲು ಹೂಡಿದ್ದು ಎಂದು ವಿಚಾರಣೆಯಲ್ಲಿ ಕಂಡುಬಂದರೆ, ಆ ಕಾರ್ಮಿಕರು ಪ್ರಧಾನ ಉದ್ಯೋಗದಾತರ ನೌಕರರೇ ಎಂಬುದು ತೀರ್ಪಿನ ಇನ್ನೊಂದು ಅರ್ಧ.

1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. ಗುತ್ತಿಗೆಯ ನಿಯಮಗಳು ಅನ್ವಯಿಸಲು ಹಿಂದೆ 20 ಕಾರ್ಮಿಕರಿದ್ದರೆ ಸಾಕಾಗಿತ್ತು. ಈಗ ಆ ಮಿತಿ 50. ಸಣ್ಣ ಉದ್ದಿಮೆದಾರರಿಗೆ ಇದು ಸಡಿಲಿಕೆಯೇ ಸರಿ, ಆದರೆ ಅಲ್ಲಿನ ಕಾರ್ಮಿಕರಿಗೆ ಒಂದು ರಕ್ಷಣೆ ಕಡಿಮೆಯಾಯಿತೆಂಬುದನ್ನೂ ಒಪ್ಪಬೇಕು. ಸಂಸ್ಥೆಯ ಮುಖ್ಯ ಚಟುವಟಿಕೆಯಲ್ಲಿ ಗುತ್ತಿಗೆ ಕಾರ್ಮಿಕರನ್ನು ತೊಡಗಿಸುವುದು, ಕೆಲವು ವಿನಾಯಿತಿಗಳ ಹೊರತು, ನಿಷಿದ್ಧ. ನೇಮಕಾತಿ ಪತ್ರ ನೀಡುವುದು ಕಡ್ಡಾಯ.

ವೇತನದ ಹೊಣೆಯಲ್ಲಿ ಮಾತ್ರ ಬದಲಾವಣೆಯಿಲ್ಲ. ಗುತ್ತಿಗೆದಾರನು ವೇತನ ಕೊಡದಿದ್ದರೆ ಪ್ರಧಾನ ಉದ್ಯೋಗದಾತರೇ ಕೊಡಬೇಕು. ಅನಂತರ ಅವನಿಂದ ವಸೂಲು ಮಾಡಿಕೊಳ್ಳಬಹುದು. ಉದಾಹರಣೆಗೆ, ಕಲ್ಲುಗಣಿಯೊಂದರಲ್ಲಿ ತಿಂಗಳಿಗೆ ತಲಾ 15,000 ರೂ. ವೇತನದ 60 ಗುತ್ತಿಗೆ ಕಾರ್ಮಿಕರಿದ್ದಾರೆ ಎನ್ನೋಣ. ಎರಡು ತಿಂಗಳ ಬಿಲ್ಲಿನ ಹಣ ಪಡೆದ ಗುತ್ತಿಗೆದಾರನು ಕೂಲಿ ಕೊಡದೆ ಊರು ಬಿಟ್ಟರೆ ಗಣಿ ಮಾಲೀಕರು 18 ಲಕ್ಷ ರೂ.ಗಳನ್ನು ಮತ್ತೊಮ್ಮೆ ತೆರಬೇಕಾಗುತ್ತದೆ. ಬಿಲ್ಲು ಪಾವತಿಸಿದ್ದೇವೆಂಬ ರಸೀದಿ ಕಾರ್ಮಿಕರ ಹಕ್ಕಿಗೆ ಉತ್ತರವಾಗದು. ವಸೂಲಿಯ ಹಕ್ಕೇನೋ ಉಳಿಯುತ್ತದೆ. ಊರು ಬಿಟ್ಟವನನ್ನು ಹುಡುಕುವ ಖರ್ಚು ಬೇರೆ.

ಆದಕಾರಣ ಗುತ್ತಿಗೆದಾರನ ಬಿಲ್ಲಿನೊಡನೆ ಹಿಂದಿನ ತಿಂಗಳ ವೇತನ ಬ್ಯಾಂಕಿಗೆ ಜಮಾ ಆದ ವಿವರ ಹಾಗೂ ಭವಿಷ್ಯ ನಿಧಿಯ ಹೆಸರುವಾರು ಪಟ್ಟಿಯನ್ನು ಪಡೆದು, ಗೇಟಿನ ಹಾಜರಿಯೊಡನೆ ತಾಳೆ ನೋಡುವುದು ಅಗತ್ಯ. ಗೇಟಿನ ಪುಸ್ತಕದಲ್ಲಿ 60 ಹೆಸರುಗಳಿದ್ದು ನಿಧಿಯ ಪಟ್ಟಿಯಲ್ಲಿ 45 ಇದ್ದರೆ, ಉಳಿದ 15 ಜನರ ವಿಚಾರ ಬಿಲ್ಲು ಪಾಸಾಗುವ ಮುನ್ನವೇ ಇತ್ಯರ್ಥವಾಗಬೇಕು.