ಮೋಸದ ನುಡಿಗಟ್ಟು: ವಂಚನೆಯ ನಡತೆಯನ್ನು ಹೆಸರಿಸುವ ಪದಗಳು

ಪಾಠದ ಉದ್ದೇಶ

ಪ್ರೌಢ ತರಗತಿಗಳ ಮಕ್ಕಳು ಕಪಟದ ನಡತೆಯನ್ನು ಕುರಿತು ಬರೆಯುವಾಗ ಬಹುಮಟ್ಟಿಗೆ ‘ಮೋಸ’ ಎಂಬ ಒಂದೇ ಪದವನ್ನು ಆಶ್ರಯಿಸುತ್ತಾರೆ. ಕನ್ನಡದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಪದಗಳು ಹೇರಳವಾಗಿದ್ದು, ಒಂದೊಂದೂ ಮೋಸದ ಒಂದೊಂದು ಹಂತವನ್ನು ಸೂಚಿಸುತ್ತದೆ. ಆ ಭೇದಗಳನ್ನು ಗುರುತಿಸುವುದು ಈ ಪಾಠದ ಮೊದಲ ಉದ್ದೇಶ. ತನಗಾದ ಅನ್ಯಾಯವನ್ನು ಮಗುವು ತನ್ನ ನುಡಿಯಲ್ಲಿಯೇ ಸ್ಪಷ್ಟವಾಗಿ ಹೇಳಲು ಶಕ್ತವಾಗಬೇಕೆಂಬುದು ಎರಡನೆಯ ಉದ್ದೇಶ.

ಪದಗಳ ವರ್ಗೀಕರಣ

ಮಾತಿಗೆ ಸಂಬಂಧಿಸಿದವು: ಸುಳ್ಳು, ಹುಸಿ, ಬಣ್ಣದ ಮಾತು, ಚಾಡಿ. ಇವುಗಳಲ್ಲಿ ಚಾಡಿಯು ಎಲ್ಲ ಸಂದರ್ಭಗಳಲ್ಲಿಯೂ ಸುಳ್ಳೇ ಆಗಿರಬೇಕಾಗಿಲ್ಲ. ನಿಜವನ್ನೇ ಕೆಡುಕಿನ ಉದ್ದೇಶದಿಂದ ಮತ್ತೊಬ್ಬರ ಕಿವಿಗೆ ಹಾಕಿದರೂ ಅದು ಚಾಡಿಯೇ.

ಮನಸ್ಸಿಗೆ ಸಂಬಂಧಿಸಿದವು: ಕಪಟ, ಕುಟಿಲತೆ. ಒಳಗೊಂದು ಹೊರಗೊಂದು ಇರುವ ಸ್ಥಿತಿಯೇ ಕಪಟ.

ತೋರಿಕೆಗೆ ಸಂಬಂಧಿಸಿದವು: ಸೋಗು, ನಟನೆ, ಬೂಟಾಟಿಕೆ. ಇಲ್ಲದ ಸದ್ಗುಣವನ್ನು ಇದೆಯೆಂದು ಮೆರೆಸುವುದು ಬೂಟಾಟಿಕೆ.

ಯೋಜನೆಗೆ ಸಂಬಂಧಿಸಿದವು: ಹೊಂಚು, ಸಂಚು, ಪಿತೂರಿ, ಕುತಂತ್ರ. ಸಮಯ ಕಾಯುವುದು ಹೊಂಚು. ಗುಟ್ಟಾಗಿ ಉಪಾಯ ಹೂಡುವುದು ಸಂಚು.

ಮತ್ತೊಬ್ಬರ ಮನಸ್ಸನ್ನು ತಿರುಗಿಸುವುದಕ್ಕೆ ಸಂಬಂಧಿಸಿದವು: ಪುಸಲಾಯಿಸು, ಮರುಳುಮಾಡು, ಎತ್ತಿಕಟ್ಟು, ದಾಕ್ಷಿಣ್ಯಕ್ಕೆ ಸಿಲುಕಿಸು. ಇಲ್ಲಿ ಬಲಪ್ರಯೋಗವಿಲ್ಲ, ಒಳಗಾದವನು ತನ್ನ ಇಚ್ಛೆಯಿಂದಲೇ ನಡೆದೆನೆಂದು ಭಾವಿಸುತ್ತಾನೆ. ಆದುದರಿಂದಲೇ ಈ ವರ್ಗವನ್ನು ಮಕ್ಕಳು ಗುರುತಿಸುವುದು ಕಷ್ಟ.

ಫಲಕ್ಕೆ ಸಂಬಂಧಿಸಿದವು: ಮೋಸ, ವಂಚನೆ, ನಂಬಿಕೆದ್ರೋಹ. ‘ಶಿಕ್ಷಣದಿಂದ ವಂಚಿತರಾದ ಮಕ್ಕಳು’ ಎಂಬಲ್ಲಿ ‘ವಂಚಿತ’ ಎಂದರೆ ದೊರೆಯಬೇಕಾದುದು ದೊರೆಯದವನು ಎಂದಷ್ಟೇ ಅರ್ಥ. ಈ ವ್ಯತ್ಯಾಸವನ್ನು ಉದಾಹರಣೆಯೊಡನೆ ತಿಳಿಸಬೇಕು.

ನುಡಿಗಟ್ಟುಗಳು

ಕಣ್ಣಿಗೆ ಮಣ್ಣೆರಚು, ಟೋಪಿ ಹಾಕು, ಪಂಗನಾಮ ಹಾಕು, ಮೊಸಳೆ ಕಣ್ಣೀರು, ಗೋಮುಖ ವ್ಯಾಘ್ರ, ನಂಬಿಸಿ ಕುತ್ತಿಗೆ ಕೊಯ್ಯು, ಮಗುವನ್ನು ಚಿವುಟಿ ತೊಟ್ಟಿಲು ತೂಗು. ಕೊನೆಯದು ಬಹು ಸೂಕ್ಷ್ಮವಾದುದು: ನೋವು ಕೊಟ್ಟವನೇ ಸಂತೈಸುವವನಾಗಿ ಕಾಣಿಸಿಕೊಳ್ಳುವ ನಡತೆಯನ್ನು ಅದು ಹೇಳುತ್ತದೆ.

ಕಥೆಯ ಆಧಾರ

ಹನ್ನೊಂದನೆಯ ಶತಮಾನದ ದುರ್ಗಸಿಂಹನು ಕನ್ನಡದಲ್ಲಿ ರಚಿಸಿದ ‘ಪಂಚತಂತ್ರ’ದ ಒಂದು ಪ್ರಕರಣಕ್ಕೆ ‘ವಂಚನೆ’ ಎಂದೇ ಹೆಸರು. ಆದರೆ ಈ ಪಾಠಕ್ಕೆ ಹೆಚ್ಚು ಒದಗುವುದು ಸಿಂಹ ಮತ್ತು ಎತ್ತಿನ ಗೆಳೆತನವನ್ನು ನರಿಯು ಮುರಿಯುವ ಕಥೆ. ನರಿಯು ಸಿಂಹದ ಬಳಿ ಎತ್ತಿನ ಮೇಲೆ ಸಂಶಯ ಹುಟ್ಟಿಸುತ್ತದೆ. ಎತ್ತಿನ ಬಳಿ ಸಿಂಹದ ಮೇಲೆ ಭಯ ಹುಟ್ಟಿಸುತ್ತದೆ. ಇಬ್ಬರಿಗೂ ತಾನೇ ಹಿತೈಷಿಯೆಂದು ತೋರಿಸಿಕೊಳ್ಳುತ್ತದೆ. ಕಥೆಯನ್ನು ಹೇಳಿ, ನರಿಯ ಪ್ರತಿಯೊಂದು ನಡೆಗೂ ಮೇಲಿನ ವರ್ಗಗಳಿಂದ ಒಂದೊಂದು ಪದವನ್ನು ಆರಿಸುವಂತೆ ಮಕ್ಕಳಿಗೆ ತಿಳಿಸಬೇಕು. ‘ನರಿ ಮೋಸ ಮಾಡಿತು’ ಎಂಬ ಉತ್ತರ ಸಾಲದು.

ನೆರೆನುಡಿಗಳೊಡನೆ ಹೋಲಿಕೆ

ಗಡಿನಾಡಿನ ಮಗುವಿಗೆ ನೆರೆನುಡಿಯ ಅರಿವು ಒಂದು ಸಂಪತ್ತು. ಹಳಗನ್ನಡದ ‘ಪುಸಿ’ ಹೊಸಗನ್ನಡದಲ್ಲಿ ‘ಹುಸಿ’ಯಾಯಿತು, ತಮಿಳು, ಮಲಯಾಳಗಳ ‘ಪೊಯ್’ ಇದರ ಸೋದರಪದ. ಮಲಯಾಳದಲ್ಲಿ ‘ಕಳ್ಳಂ’ ಎಂದರೆ ಸುಳ್ಳು. ಕನ್ನಡದಲ್ಲಿ ‘ಕಳ್ಳ’ ಎಂದರೆ ಕದಿಯುವವನು. ಆದರೂ ‘ಕಳ್ಳನಿದ್ದೆ’ ಎಂಬಲ್ಲಿ ಕನ್ನಡವೂ ಹುಸಿಯೆಂಬ ಅರ್ಥವನ್ನು ಉಳಿಸಿಕೊಂಡಿದೆ. ತೆಲುಗಿನ ‘ದೊಂಗ’ ಕಳ್ಳನಾದರೆ, ಮರಾಠಿಯ ‘ಢೋಂಗಿ’ಯೂ ಕನ್ನಡದ ‘ಡೋಂಗಿ’ಯೂ ಬೂಟಾಟಿಕೆಯವನನ್ನು ಸೂಚಿಸುತ್ತವೆ. ಪಾರಸಿ ಮೂಲದ ‘ದಗಾ’ ಮರಾಠಿ, ಕನ್ನಡ ಎರಡರಲ್ಲಿಯೂ ಬಳಕೆಯಲ್ಲಿದೆ.

ವಾಕ್ಯರಚನೆಯಲ್ಲಿ ಕರ್ತೃವಿನ ಸ್ಥಾನ

‘ಮೋಸ ಹೋದೆ’, ‘ಏಮಾರಿದೆ’ ಎಂಬ ವಾಕ್ಯಗಳಲ್ಲಿ ಮೋಸ ಮಾಡಿದವನು ಕಾಣಿಸುವುದೇ ಇಲ್ಲ. ‘ಏಮಾರು’ ಎಂಬುದಕ್ಕೆ ಎಚ್ಚರ ತಪ್ಪು ಎಂಬ ಅರ್ಥವೂ ಇರುವುದರಿಂದ, ತಪ್ಪು ಏಮಾರಿದವನದೇ ಎಂಬ ಭಾವನೆ ಬರುತ್ತದೆ. ‘ಅವನು ನನ್ನನ್ನು ಏಮಾರಿಸಿದ’, ‘ಅವರು ನನ್ನನ್ನು ಪುಸಲಾಯಿಸಿದರು’ ಎಂದಾಗ ಕರ್ತೃ ಮುಂದೆ ಬರುತ್ತಾನೆ; ಹೊಣೆ ಇರಬೇಕಾದಲ್ಲಿ ನಿಲ್ಲುತ್ತದೆ. ಪ್ರೇರಣಾರ್ಥಕ ಕ್ರಿಯಾಪದದ ಪಾಠವನ್ನು ಇಲ್ಲಿಯೇ ಬೋಧಿಸಬಹುದು.

ವ್ಯಾಕರಣದ ಈ ಭೇದ ಬದುಕಿನಲ್ಲಿಯೂ ಮುಖ್ಯವಾದುದು. ಸಿಹಿತಿಂಡಿ ಕೊಟ್ಟು ‘ಮನೆಯಲ್ಲಿ ಹೇಳಬೇಡ’ ಎನ್ನುವ ಪರಿಚಿತನನ್ನೋ, ಬ್ಯಾಂಕಿನವನ ಸೋಗು ಹಾಕಿ ದೂರವಾಣಿಯಲ್ಲಿ ಒಟಿಪಿ ಕೇಳುವವನನ್ನೋ ಹೆಸರಿಸಲು ಪದವಿಲ್ಲದ ಮಗುವು ತನ್ನನ್ನೇ ಹಳಿದುಕೊಂಡು ಸುಮ್ಮನಾಗುತ್ತದೆ. ಆಡಳಿತಭಾಷೆ ಬೇರೆಯಾಗಿರುವ ಊರಿನಲ್ಲಿ ಈ ಮೌನ ಇನ್ನಷ್ಟು ಆಳವಾದುದು. ಮೊದಲ ಮಾತು ಮನೆನುಡಿಯಲ್ಲಿಯೇ ಹೊರಡಬೇಕು. ಅನುವಾದ ಆಮೇಲಿನ ಕೆಲಸ.

ತರಗತಿಯ ಚಟುವಟಿಕೆ

1. ‘ಮೋಸ’ ಎಂಬ ಪದವನ್ನು ಬಳಸದೆ, ನರಿಯ ಕಥೆಯನ್ನು ಎಂಟು ವಾಕ್ಯಗಳಲ್ಲಿ ಬರೆಯುವುದು.
2. ಹುರಿದುಂಬಿಸು – ಪುಸಲಾಯಿಸು, ಗುಟ್ಟು – ಸಂಚು, ಹೊಗಳಿಕೆ – ಬಣ್ಣದ ಮಾತು: ಈ ಜೋಡಿಗಳ ಭೇದವನ್ನು ಚರ್ಚಿಸುವುದು.
3. ‘ಮೋಸ ಹೋದರು’ ಎಂದು ಮುಗಿಯುವ ಐದು ವಾಕ್ಯಗಳನ್ನು ಕರ್ತೃಸಹಿತವಾಗಿ ತಿದ್ದಿ ಬರೆಯುವುದು.

ಶಿಕ್ಷಕರ ಗಮನಕ್ಕೆ

ಸ್ವಂತ ಅನುಭವವನ್ನು ತರಗತಿಯ ಮುಂದೆ ಹೇಳುವಂತೆ ಯಾವ ಮಗುವನ್ನೂ ಒತ್ತಾಯಿಸಬಾರದು. ಚರ್ಚೆಯು ಕಥೆಯ ಪಾತ್ರಗಳ ಮಟ್ಟದಲ್ಲಿಯೇ ಇರಲಿ. ಸಹಪಾಠಿಗಳನ್ನು ‘ಕಪಟಿ’, ‘ಠಕ್ಕ’ ಎಂದು ಕರೆಯಲು ಈ ಪದಗಳು ಬಳಕೆಯಾಗಬಾರದು. ಹೆಸರಿಡಬೇಕಾದುದು ನಡತೆಗೆ, ವ್ಯಕ್ತಿಗಲ್ಲ. ಪಾಠದ ಬಳಿಕ ಮಗುವೊಂದು ಏಕಾಂತದಲ್ಲಿ ಏನನ್ನಾದರೂ ಹೇಳಿಕೊಂಡರೆ ಮಾತನ್ನು ತಡೆಯದೆ ಕೇಳಿ, ‘ತಪ್ಪು ನಿನ್ನದಲ್ಲ’ ಎಂದು ಮೊದಲು ಹೇಳಬೇಕು. ಲೈಂಗಿಕ ದೌರ್ಜನ್ಯದ ಶಂಕೆಯಿದ್ದಲ್ಲಿ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ತರಗತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿಡುವುದು ಉಚಿತ.