ಮೂತ್ರದಲ್ಲಿ ರಕ್ತವೇ? ಈಜಿದ ಕೆರೆಯ ಹೆಸರೂ ಹೇಳಿ

ನೋವಿಲ್ಲದೆ ಮೂತ್ರ ಕೆಂಪಾದರೆ ಉಡುಪಿ ಕಡೆ ಮೊದಲ ಮದ್ದು ಬೊಂಡ (ಎಳನೀರು), ಎರಡನೆಯದು ಬಾರ್ಲಿ ನೀರು. ಎರಡು ದಿನದಲ್ಲಿ ಬಣ್ಣ ತಿಳಿಯಾದರೆ ಉಷ್ಣ ಇಳಿಯಿತೆಂದು ಸುಮ್ಮನಾಗುತ್ತಾರೆ. ಮೂತ್ರಕೋಶದ ಕ್ಯಾನ್ಸರ್‌ನಲ್ಲೂ ರಕ್ತ ಹೀಗೆಯೇ ಬಂದು ನಿಲ್ಲುತ್ತದೆ. ಹಾಗಾಗಿ, ನಿಂತರೂ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ಮಣಿಪಾಲದಲ್ಲೋ ತೋರಿಸಿ.

ಬೀಡಿ, ಸಿಗರೇಟಿನ ಬಗ್ಗೆ ವೈದ್ಯರು ಕೇಳಿಯೇ ಕೇಳುತ್ತಾರೆ. ಮಲಾವಿ ಸರೋವರದಲ್ಲಿ ಈಜಿದ್ದೀರಾ, ಈಜಿಪ್ಟಿನ ಕಾಲುವೆಗೆ ಇಳಿದಿದ್ದೀರಾ ಎಂದು ಕೇಳಲಿಕ್ಕಿಲ್ಲ. ಆಫ್ರಿಕಾದಲ್ಲೋ ಯೆಮನ್‌ನಲ್ಲೋ ದುಡಿದು ಬಂದವರು ತಾವಾಗಿಯೇ ಹೇಳಬೇಕು, ಎಷ್ಟೇ ವರ್ಷವಾಗಿರಲಿ.

ಕಾರಣ, ಶಿಸ್ಟೊಸೋಮಾ ಎಂಬ ಹುಳು. ಥಿಯೋಡೋರ್ ಬಿಲ್ಹಾರ್ಜ್ 1851ರಲ್ಲಿ ಕೈರೋದಲ್ಲಿ ಇದನ್ನು ಪತ್ತೆಹಚ್ಚಿದರು. 1994ರಲ್ಲಿ ಇದು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿತು. ಸಿಹಿನೀರಿನ ಬಸವನಹುಳುವಿನಲ್ಲಿ ಬೆಳೆದ ಮರಿ ಚರ್ಮ ಕೊರೆದು ಒಳನುಗ್ಗುತ್ತದೆ. ಕಾಪುವಿನ ಕಡಲಲ್ಲಿ ಮಿಂದವರಿಗೆ ಈ ಭಯವಿಲ್ಲ. ಕಾರ್ಕಳದ ಆನೆಕೆರೆಯನ್ನೂ ಶಂಕಿಸಬೇಕಿಲ್ಲ. ಭಾರತದಲ್ಲಿ ಈ ಸೋಂಕಿಗೆ ಹೆಸರಾದ ಊರು ರತ್ನಾಗಿರಿ ಜಿಲ್ಲೆಯ ಗಿಮ್ವಿ. ಅಲ್ಲಿಂದ ವರದಿಯಾದದ್ದು 1952ರಲ್ಲಿ.

ಈ ಹುಳುವಿನ ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರ ಬೇಡ. ಹತ್ತು ಗಂಟೆಯಿಂದ ಎರಡರೊಳಗಿನದು ಒಳ್ಳೆಯದು. ಹುಳುವಿನ ಮೊಟ್ಟೆ ಹೆಚ್ಚಾಗಿ ಹೊರಬರುವುದು ಆಗಲೇ. ಸ್ವಲ್ಪ ನಡೆದಾಡಿ, ಕೊನೆಯ ಹನಿಗಳನ್ನೂ ಬಾಟಲಿಗೆ ಹಿಡಿಯಿರಿ. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಯ ಒಂದು ತುದಿಗೆ ಚೂಪಾದ ಮುಳ್ಳು ಕಾಣುತ್ತದೆ. ಹಳೆಯ ಸೋಂಕಿನಲ್ಲಿ ಮೊಟ್ಟೆ ಸಿಗದೇ ಹೋಗಬಹುದು. ಮೂತ್ರಕೋಶದೊಳಗೆ ಕೊಳವೆ ಇಳಿಸಿ ನೋಡುವ ಸಿಸ್ಟೋಸ್ಕೋಪಿ, ಚೂರು ತೆಗೆಯುವ ಬಯಾಪ್ಸಿ ಆಗಲೇಬೇಕು.

ಬಯಾಪ್ಸಿ ವರದಿ ಕೈಗೆ ಬಂದಾಗ ಎರಡು ವಿಷಯ ಕೇಳಿ: ಯಾವ ಬಗೆಯ ಗಡ್ಡೆ, ಸ್ನಾಯುವಿಗೆ ಇಳಿದಿದೆಯೇ. ಇಲ್ಲಿ ಸಾಮಾನ್ಯವಾಗಿ ಕಾಣುವುದು ಯೂರೋಥೀಲಿಯಲ್. ಹುಳುವಿನ ನಂಟಿರುವುದು ಹೆಚ್ಚಾಗಿ ಸ್ಕ್ವಾಮಸ್. ಇಂಥ ಗಡ್ಡೆಯ ಕುರಿತ ಕೆಲವು ಸಂಶೋಧನಾ ಲೇಖನಗಳಲ್ಲಿ ‘ಕಾಕ್ಸ್-2’ ಎಂಬ ಹೆಸರೂ ಎದುರಾಗುತ್ತದೆ. ಅದೊಂದು ಕಿಣ್ವ. ಮೂತ್ರಕೋಶದ ಗೋಡೆಯಲ್ಲಿ ಸಿಕ್ಕಿಬಿದ್ದ ಮೊಟ್ಟೆಗಳ ಸುತ್ತ ವರ್ಷಗಟ್ಟಲೆ ಉರಿಯೂತ ನಡೆದರೆ ಇದು, ಇದರ ಜೊತೆಗೆ ನೈಟ್ರಿಕ್ ಆಕ್ಸೈಡ್ ತಯಾರಿಸುವ ಇನ್ನೊಂದು ಕಿಣ್ವ, ಎರಡೂ ವಿಪರೀತ ಹೆಚ್ಚುತ್ತವೆ. ಡಿಎನ್‌ಎಗೆ ಪೆಟ್ಟು ಬೀಳುತ್ತದೆ, ಕೋಶಗಳು ಮಿತಿಮೀರಿ ಬೆಳೆಯುತ್ತವೆ. ಪ್ರಯೋಗಾಲಯದಲ್ಲಿ ವಿಶೇಷ ಬಣ್ಣ ಹಾಕಿದರೆ ಕಿಣ್ವವಿರುವ ಕೋಶಗಳು ಕಂದು ಬಣ್ಣದಲ್ಲಿ ಕಾಣುತ್ತವೆ. ಕುತೂಹಲದ ಸಂಗತಿ ಹೌದು, ಆದರೆ ಆಪರೇಷನ್ ಬೇಕೇ ಬೇಡವೇ ಎಂಬುದನ್ನು ಇದು ನಿರ್ಧರಿಸುವುದಿಲ್ಲ. ಕೆಲವು ನೋವಿನ ಮಾತ್ರೆಗಳು ಕಾಕ್ಸ್-2 ತಡೆಯುತ್ತವೆಂದು ಓದಿ ಮೆಡಿಕಲ್ ಅಂಗಡಿಯಿಂದ ತಂದು ನುಂಗುವುದಂತೂ ಕಿಡ್ನಿಗೆ ಅಪಾಯ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ವರದಿಯ ಜೆರಾಕ್ಸ್ ಸಾಲದು. ಬಯಾಪ್ಸಿಯ ಚೂರು ಇರುವ ಗಾಜಿನ ಸ್ಲೈಡು, ಮೇಣದ ಬ್ಲಾಕು ಕೇಳಿ ಪಡೆಯಿರಿ.

ಹುಳು ಖಚಿತವಾದರೆ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡುತ್ತಾರೆ. ಅದು ಹುಳುವನ್ನು ಕೊಲ್ಲುತ್ತದೆ, ಗಡ್ಡೆಯನ್ನಲ್ಲ. ಗಡ್ಡೆ ಸ್ನಾಯುವಿಗೆ ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯುವ ಮಾತು ಬರಬಹುದು. ಮುಂದೆ ಮೂತ್ರ ಹೋಗುವ ದಾರಿ ಯಾವುದು, ಹೊಟ್ಟೆಯ ಮೇಲೆ ಚೀಲವೋ ಕರುಳಿನಿಂದ ಹೊಸ ಕೋಶವೋ ಎಂಬುದನ್ನು ಆಪರೇಷನ್‌ಗೆ ಮುಂಚೆಯೇ ಮನೆಯವರೊಂದಿಗೆ ಕೂತು ಕೇಳಿಕೊಳ್ಳಿ.